ಯಕೃತ್ತಿನ ಕೊಬ್ಬು: ಹಳೆಯ ಪಥ್ಯ, ಹೊಸ ಅಳತೆ

ಪ್ರೌಢ ಮನುಷ್ಯನ ಯಕೃತ್ತು ಸುಮಾರು 1.5 ಕಿಲೋಗ್ರಾಂ ತೂಗುತ್ತದೆ. ನಾವು ಉಂಡ ಆಹಾರದ ಸಕ್ಕರೆಯು ಒಡನೆ ವೆಚ್ಚವಾಗದಿದ್ದಲ್ಲಿ ಅದು ಗ್ಲೈಕೋಜೆನ್ ರೂಪದಲ್ಲಿ ಇಲ್ಲಿ ಶೇಖರವಾಗುವುದು. ಈ ಕಣಜವೂ ತುಂಬಿದರೆ ಕೊಬ್ಬಾಗಿ ಮಾರ್ಪಡುವುದು. ಯಕೃತ್ತಿನ ಜೀವಕಣಗಳ ಪೈಕಿ ನೂರಕ್ಕೆ ಐದಕ್ಕಿಂತ ಹೆಚ್ಚಿನವುಗಳಲ್ಲಿ ಕೊಬ್ಬಿನ ಹನಿಗಳು ನೆಲೆಸಿದರೆ ಆ ಸ್ಥಿತಿಯನ್ನು ವೈದ್ಯರು ಫ್ಯಾಟಿ ಲಿವರ್ ಎನ್ನುತ್ತಾರೆ. ಮದ್ಯವನ್ನು ಮುಟ್ಟದವರಲ್ಲಿಯೂ ಇದು ಉಂಟಾಗಬಹುದು. ಬಹುಮಟ್ಟಿಗೆ ನೋವಿಲ್ಲದಿದ್ದರೂ, ಕೆಲವರಲ್ಲಿ ಉರಿಯೂತಕ್ಕೆ ತಿರುಗಿ, ಯಕೃತ್ತಿನಲ್ಲಿ ಕಲೆಗಟ್ಟಿ, ಅದನ್ನು ಗಡಸಾಗಿಸುತ್ತದೆ.

ಆಯುರ್ವೇದದ ಪ್ರಾಚೀನ ಸಂಹಿತೆಗಳಲ್ಲಿ ಈ ಹೆಸರಿನ ರೋಗವಿಲ್ಲ. ಆದರೆ ಚರಕಸಂಹಿತೆಯ ಸೂತ್ರಸ್ಥಾನವು ಅತಿಪೋಷಣೆಯಿಂದ ಹುಟ್ಟುವ ರೋಗಗಳನ್ನು ಬೇರೆಯಾಗಿಯೇ ಎಣಿಸಿದೆ. ಇಂದಿನ ಆಯುರ್ವೇದ ವೈದ್ಯರು ಫ್ಯಾಟಿ ಲಿವರನ್ನು ಆ ಗುಂಪಿನೊಡನೆ ಹೊಂದಿಸಿ ನೋಡುತ್ತಾರೆ. ಅವರ ಚಿಕಿತ್ಸೆಗೆ ಎರಡು ಅಂಗಗಳಿವೆ: ಒಂದು ಪಥ್ಯ, ಇನ್ನೊಂದು ಔಷಧ.

ಮೊದಲು ಪಥ್ಯವನ್ನು ನೋಡೋಣ. ಮಿತಾಹಾರ, ಜವೆಗೋಧಿ, ಹುರುಳಿ, ಹೆಸರು, ವ್ಯಾಯಾಮ: ಮೇದಸ್ಸು ಬೆಳೆದವರಿಗೆ ಹೇಳಿರುವುದು ಇವನ್ನೇ. ಬಡವನಾದ ಪ್ರಮೇಹರೋಗಿಯು ನೂರು ಯೋಜನ ನಡೆಯಲಿ ಎನ್ನುವಷ್ಟು ದೂರ ಸುಶ್ರುತಸಂಹಿತೆ ಹೋಗಿದೆ! ಆಧುನಿಕ ಪರೀಕ್ಷೆಗಳು ಈ ದಾರಿಯನ್ನೇ ಸಮರ್ಥಿಸುತ್ತವೆ. ದೇಹದ ತೂಕ ನೂರಕ್ಕೆ ಐದರಷ್ಟು ಇಳಿದರೆ ಯಕೃತ್ತಿನ ಕೊಬ್ಬು ಕಡಿಮೆಯಾಗುತ್ತದೆ. ಏಳರಿಂದ ಹತ್ತರಷ್ಟು ಇಳಿದರೆ ಉರಿಯೂತವೂ ತಗ್ಗುತ್ತದೆ. 80 ಕಿಲೋಗ್ರಾಂ ತೂಗುವವನಿಗೆ ಮೊದಲನೆಯ ಗುರಿ 4 ಕಿಲೋಗ್ರಾಂ; ಅದನ್ನೂ ಮೆಲ್ಲಮೆಲ್ಲನೆ ಸಾಧಿಸತಕ್ಕದ್ದು.

ಇನ್ನು ಔಷಧ. ಕಟುಕರೋಹಿಣಿ, ತ್ರಿಫಲಾ, ನಮ್ಮ ಹಳ್ಳಿಗಳಲ್ಲಿ ಕಾಮಾಲೆಗೆ ಕೊಡುವ ಕಿರುನೆಲ್ಲಿ ಇವುಗಳಲ್ಲಿ ಮುಖ್ಯವಾದುವು. ಕಟುಕರೋಹಿಣಿಯ ಸಾರವು ಪ್ರಾಣಿಗಳ ಯಕೃತ್ತನ್ನು ಕೆಲವು ವಿಷಗಳಿಂದ ಕಾಪಾಡಿದುದು ಪ್ರಯೋಗಶಾಲೆಗಳಲ್ಲಿ ಕಂಡುಬಂದಿದೆ. ಮನುಷ್ಯರ ಫ್ಯಾಟಿ ಲಿವರಿಗೆ ಅದು ಮದ್ದೆಂದು ಹೇಳಲು ಇಷ್ಟೇ ಸಾಲದು. ಪಥ್ಯದೊಡನೆ ಕಷಾಯ ಕುಡಿದವನು ಗುಣಹೊಂದಿದರೆ, ಗುಣ ಯಾವುದರದು? ಒಂದೇ ಪಥ್ಯದಲ್ಲಿರುವ ಎರಡು ಗುಂಪುಗಳನ್ನು ಮಾಡಿ, ಒಂದಕ್ಕೆ ಮಾತ್ರ ಔಷಧವನ್ನು ಕೊಟ್ಟು ಅಳೆದಾಗಲೇ ಉತ್ತರ ದೊರೆಯುವುದು.

ಈ ಅಳತೆಗೆ ಭೌತಶಾಸ್ತ್ರವು ನೆರವಾಗುತ್ತದೆ. ಶ್ರವಣಾತೀತ ಧ್ವನಿಯ ಅಲೆಗಳನ್ನು ಕೊಬ್ಬಿನ ಹನಿಗಳು ಚದರಿಸುವುದರಿಂದ ಚಿತ್ರದಲ್ಲಿ ಯಕೃತ್ತು ಮೂತ್ರಪಿಂಡಕ್ಕಿಂತ ಬೆಳ್ಳಗೆ ತೋರುತ್ತದೆ. ಗಡಸುತನವನ್ನು ಅಳೆಯಲು ಪಕ್ಕೆಯ ಮೇಲೆ ಮೆಲ್ಲನೆ ತಟ್ಟಿ, ಒಳಗೆ ಹರಿಯುವ ಅಲೆಯ ವೇಗವನ್ನು ಕಂಡುಹಿಡಿಯುತ್ತಾರೆ. ಗಡಸುತನವು ವೇಗದ ವರ್ಗಕ್ಕೆ ಅನುಪಾತದಲ್ಲಿದೆ: ವೇಗ ಸೆಕೆಂಡಿಗೆ 1 ಮೀಟರ್ ಆದರೆ ಸುಮಾರು 3 ಕಿಲೋಪಾಸ್ಕಲ್, 2 ಮೀಟರ್ ಆದರೆ 12. ಮೊದಲನೆಯದು ಮೃದುವಾದ ಯಕೃತ್ತಿನ ಲಕ್ಷಣ. ಎರಡನೆಯದು ವೈದ್ಯರನ್ನು ಎಚ್ಚರಿಸುವಂಥದು.

ಗಿಡಮೂಲಿಕೆಯಾದ ಮಾತ್ರಕ್ಕೆ ಅಪಾಯವಿಲ್ಲವೆಂದು ಬಗೆಯಲಾಗದು. ಅಮೃತಬಳ್ಳಿಯನ್ನು ಸೇವಿಸಿದ ಆರು ಮಂದಿಯಲ್ಲಿ ಯಕೃತ್ತಿಗೆ ಹಾನಿಯಾದುದನ್ನು ಮುಂಬಯಿಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಬಳ್ಳಿಯೇ ಕಾರಣವೆಂಬ ನಿರ್ಣಯವನ್ನು ಆಯುಷ್ ಮಂತ್ರಾಲಯವು ಒಪ್ಪಲಿಲ್ಲ. ಇಂಥ ವಿವಾದವನ್ನು ತೀರಿಸಬೇಕಾದುದು ಅಭಿಮಾನವಲ್ಲ, ಎಚ್ಚರಿಕೆಯ ಪರೀಕ್ಷೆ. ಆದ್ದರಿಂದ ಯಾವ ಕಷಾಯವನ್ನು ಕುಡಿಯುತ್ತಿದ್ದರೂ ಚಿಕಿತ್ಸೆ ಮಾಡುವ ವೈದ್ಯನಿಗೆ ಅದನ್ನು ತಿಳಿಸಬೇಕು. ನಡಿಗೆಗೂ ಮಿತವಾದ ಊಟಕ್ಕೂ ಮಾತ್ರ ನಾವು ಯಾವ ಹೊಸ ವರದಿಗಾಗಿಯೂ ಕಾಯಬೇಕಾಗಿಲ್ಲ.