ಟೇಪು ಹಿಡಿಯದೆ ಮಾರಿದ ಸಿಲ್ವರ್

2011ರ ಫೆಬ್ರುವರಿಯಲ್ಲಿ ನಾನು 62 ಸಿಲ್ವರ್ ಓಕ್ ಮರಗಳನ್ನು 1 ಲಕ್ಷದ 10 ಸಾವಿರ ರೂಪಾಯಿಗೆ ಕೊಟ್ಟೆ. ಅಮ್ಮ ಆಸ್ಪತ್ರೆಯಲ್ಲಿದ್ದರು, ಕಾಫಿ ಇನ್ನೂ ಕಣದಲ್ಲಿ ಒಣಗುತ್ತಿತ್ತು. ವ್ಯಾಪಾರಿ ಬಂದವರು ತೋಟದ ಮೇಲಿನ ಒಂದೂವರೆ ಎಕರೆ ಗುಡ್ಡವನ್ನು ಅರ್ಧ ಗಂಟೆ ಸುತ್ತಿ, ತಲೆಯೆತ್ತಿ ಒಂದೊಂದು ಮರವನ್ನೂ ನೋಡಿ, ‘ಲಮ್ಸಮ್ ಒಂದು ಹತ್ತು’ ಅಂದರು. ಚೌಕಾಸಿ ಮಾಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಸಂಜೆಯೊಳಗೆ ಮುಂಗಡ ಕೈಗೆ ಬಂತು. ಆ ಮರಗಳನ್ನು ಅಪ್ಪ 1986ರ ಮಳೆಗಾಲದಲ್ಲಿ ನೆಟ್ಟಿದ್ದರು.

ತಿಂಗಳು ಕಳೆದು ಕೊಟ್ಟಿಗೆಗೆ ಪಕಾಸಿ ಕೊಯ್ಸಲು ಸಾಮಿಲ್ಲಿಗೆ ಹೋದಾಗ ನನ್ನದೇ ದಿಮ್ಮಿಗಳು ನಂಬರು ಹೊತ್ತು ಬಿದ್ದಿದ್ದವು. ಅಲ್ಲಿನ ರೈಟರ್ ಪರಿಚಯದವರು, ಪುಸ್ತಕ ತೋರಿಸಿದರು: ಒಟ್ಟು 1,180 ಘನ ಅಡಿ, ಅಡಿಗೆ 160 ರೂಪಾಯಿಯಂತೆ. ಕಡಿಯುವುದು, ಎಳೆಸುವುದು, ಲೋಡು, ಲಾರಿ ಎಲ್ಲ ಸೇರಿ ಅಡಿಗೆ 30 ರೂಪಾಯಿ ಹೋಯಿತೆಂದರೂ ನನಗೆ 1,53,400 ಬರಬೇಕಿತ್ತು. ವ್ಯಾಪಾರಿಗೂ ಲಾಭ ಬೇಕು, ಅದನ್ನು ಒಪ್ಪುತ್ತೇನೆ. ಆದರೆ ನನ್ನ ಗುಡ್ಡದಲ್ಲಿ ಎಷ್ಟು ನಾಟವಿದೆ ಎಂಬುದು ಅವರಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. 43 ಸಾವಿರ ಹೋದದ್ದು ಅಲ್ಲಿ.

ಮರುವರ್ಷ ಒಂದು ಟೇಪು, ಒಂದು ಡಬ್ಬಿ ಕೆಂಪು ಬಣ್ಣ ತಂದು ಉಳಿದ ಮರಗಳಿಗೆಲ್ಲ ನಂಬರು ಹಾಕಿದೆ. ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ ಸುತ್ತಳತೆ ಹಿಡಿದು ನೋಟ್‌ಬುಕ್ಕಿನಲ್ಲಿ ಬರೆದೆ. ಎರಡು ವರ್ಷಕ್ಕೊಮ್ಮೆ ಮತ್ತೆ ಅಳೆಯುತ್ತ ಬಂದೆ. 2012ರಲ್ಲಿ 34 ಇಂಚಿದ್ದ 17ನೇ ನಂಬರಿನ ಮರ 2022ಕ್ಕೆ 51 ಇಂಚು ಆಗಿತ್ತು. ಸುತ್ತಳತೆ ಒಂದೂವರೆ ಪಟ್ಟಾದರೆ ನಾಟ ಎರಡೂಕಾಲು ಪಟ್ಟಾಗುತ್ತದೆ, ಯಾಕೆಂದರೆ ಲೆಕ್ಕದಲ್ಲಿ ಸುತ್ತಳತೆಯ ವರ್ಗ ಬರುತ್ತದೆ. ಎತ್ತರ ಬೆಳೆದದ್ದು ಬೇರೆ. ಅದರ ಮೇಲೆ ದಪ್ಪ ದಿಮ್ಮಿಗೆ ಪ್ಲೈವುಡ್‌ನವರು ಅಡಿಗೆ ಕೊಡುವ ದರವೇ ಜಾಸ್ತಿ. 2011ರಲ್ಲಿ ಆ 62 ಮರಗಳಲ್ಲಿ ಇನ್ನೂ ದಪ್ಪವಾಗಬೇಕಿದ್ದ ಎಷ್ಟು ಮರಗಳನ್ನು ಕಡಿಸಿದೆನೋ ಎಂದು ಆ ಪುಟ ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಅಳತೆಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ತೋಟದವರಲ್ಲೂ ಅನೇಕರು ಇದನ್ನು ವ್ಯಾಪಾರಿಗೆ ಬಿಟ್ಟಿದ್ದಾರೆ. ದಿಮ್ಮಿಯ ಸುತ್ತಳತೆಯನ್ನು ಇಂಚಿನಲ್ಲಿ ಹಿಡಿದು ನಾಲ್ಕರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಉದ್ದದ ಅಡಿಯಿಂದ ಗುಣಿಸಿ, 144ರಿಂದ ಭಾಗಿಸಿದರೆ ಘನ ಅಡಿ ಸಿಗುತ್ತದೆ. 48 ಇಂಚು ಸುತ್ತಿನ 10 ಅಡಿ ದಿಮ್ಮಿ ಈ ಲೆಕ್ಕದಲ್ಲಿ ಸರಿಯಾಗಿ 10 ಘನ ಅಡಿ. ನಿಜವಾಗಿ ಆ ದುಂಡು ಮರದಲ್ಲಿ ಇರುವುದು 12.7 ಘನ ಅಡಿ. ಅಂದರೆ ನೂರಕ್ಕೆ ಇಪ್ಪತ್ತೊಂದೂವರೆ ಭಾಗ ಚೆಕ್ಕೆಯ ಹೆಸರಿನಲ್ಲಿ ಮೊದಲೇ ಕಳೆದಿರುತ್ತದೆ. ದರವೂ ಇದೇ ಅಳತೆಯ ಮೇಲೆ ನಿಂತಿರುವುದರಿಂದ ಇದಕ್ಕೆ ತಕರಾರಿಲ್ಲ. ತಕರಾರು ಇರುವುದು ಟೇಪು ಸುತ್ತುವ ಜಾಗದಲ್ಲಿ. ದಿಮ್ಮಿಯ ನಡುವೆ ಹಿಡಿಯಬೇಕಾದ್ದನ್ನು ತುದಿಯಲ್ಲಿ ಹಿಡಿದರೆ, 48 ಇಂಚು 44 ಆಗುತ್ತದೆ ಎಂದಿಟ್ಟುಕೊಳ್ಳಿ, 10 ಘನ ಅಡಿ ಹೋಗಿ 8.4 ಉಳಿಯುತ್ತದೆ. ಆಮೇಲೆ ತೊಗಟೆಗೆಂದು ಇಂಚು ಕಳೆಯುವುದು, ಅರ್ಧ ಇಂಚು ಬಂದರೆ ಅದನ್ನೂ ಕೈಬಿಡುವುದು. ಒಂದು ಲೋಡಿನಲ್ಲಿ ಇವೆಲ್ಲ ಸೇರಿದರೆ ಒಬ್ಬ ಆಳಿನ ತಿಂಗಳ ಸಂಬಳಕ್ಕಿಂತ ಹೆಚ್ಚಾಗುತ್ತದೆ.

2022ರಲ್ಲಿ ಮಾರಿದಾಗ ಮೂವರನ್ನು ಕರೆದು ನೋಟ್‌ಬುಕ್ಕನ್ನು ಮುಂದಿಟ್ಟೆ. ಮೊದಲ ಇಬ್ಬರು ಲಮ್ಸಮ್ಮಿಗೇ ಪಟ್ಟು ಹಿಡಿದರು. ಮೂರನೆಯವರು ಅಡಿ ಲೆಕ್ಕಕ್ಕೆ ಒಪ್ಪಿದರು. ದಿಮ್ಮಿಯ ನಡುಭಾಗದಲ್ಲಿ, ತೊಗಟೆ ಸುಲಿದು ಅಳತೆ. ಟೇಪಿನ ಒಂದು ತುದಿ ನನ್ನ ಕೈಯಲ್ಲಿ. ಆ ದಿನದ ಲೋಡಿನ ಹಣ ಲಾರಿ ಗೇಟು ದಾಟುವ ಮೊದಲು. ಕಾಫಿ ಗಿಡ ಮುರಿದರೆ ಗಿಡಕ್ಕಿಷ್ಟು ಎಂದೂ ಬರೆಸಿದೆ. ಕೊಯ್ಲು ಮುಗಿದು ಹೂಮಳೆ ಬರುವ ಮುಂಚಿನ ಆ ಕೆಲವು ವಾರಗಳಲ್ಲೇ ಕಡಿದು ಸಾಗಿಸಬೇಕೆಂಬುದು ನನ್ನ ಹಟವಾಗಿತ್ತು. ಕೊಂಬೆ, ತುದಿಗಳು ಸೌದೆಯಾಗಿ ಟನ್ ಲೆಕ್ಕದಲ್ಲಿ ಹೋದವು. ಹಸಿ ಮರ ದಿನದಿನಕ್ಕೆ ತೂಕ ಕಳೆದುಕೊಳ್ಳುತ್ತದೆ, ಆದ್ದರಿಂದ ಕಡಿದ ದಿನವೇ ತೂಕಕ್ಕೆ ಕಳಿಸಿದೆ.

ಮೆಣಸಿನ ಬಳ್ಳಿ ಹಬ್ಬಿದ 14 ಮರಗಳನ್ನು ಕೊಡಲಿಲ್ಲ. ಅವೇ ನೆಟ್ಟಗೆ, ದಪ್ಪಗೆ ಇದ್ದದ್ದರಿಂದ ವ್ಯಾಪಾರಿಯ ಕಣ್ಣೆಲ್ಲ ಅಲ್ಲೇ ಇತ್ತು. ಮರ ಉರುಳಿದರೆ ಬಳ್ಳಿಯೂ ಹೋಗುತ್ತದೆ, ಹೊಸ ಬಳ್ಳಿ ಫಸಲಿಗೆ ಬರಲು ವರ್ಷಗಟ್ಟಲೆ ಕಾಯಬೇಕು.

ಸಿಲ್ವರ್ ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಅನುಮತಿ ಬೇಕಿಲ್ಲ, ನೀಲಗಿರಿ, ಗಾಳಿಮರಗಳಿಗೂ ಬೇಕಿಲ್ಲ. ಇದನ್ನೇ ನೆಪ ಮಾಡಿ ‘ಪಕ್ಕದ ಆ ತೇಗವನ್ನೂ ಸೇರಿಸಿಬಿಡಿ’ ಅನ್ನುವವರಿದ್ದಾರೆ. ತೇಗ, ಬೀಟೆಯಂಥವು ನಿಮ್ಮ ಪಹಣಿಯ ಜಾಗದಲ್ಲೇ ಇದ್ದರೂ ವೃಕ್ಷಾಧಿಕಾರಿಯ ಅನುಮತಿ ಇಲ್ಲದೆ ಮುಟ್ಟುವಂತಿಲ್ಲ. ಸಿಕ್ಕಿಬಿದ್ದಾಗ ಉತ್ತರ ಕೊಡಬೇಕಾದವರು ಜಮೀನಿನವರೇ.

ತೆರಿಗೆಯ ವಿಷಯದಲ್ಲಿ 1957ರ ಸುಪ್ರೀಂ ಕೋರ್ಟ್ ತೀರ್ಪೊಂದು ಈಗಲೂ ದಾರಿ ತೋರಿಸುತ್ತದೆ, ರಾಜಾ ಬಿನಯ್ ಕುಮಾರ್ ಸಹಾಸ್ ರಾಯ್ ಪ್ರಕರಣದ್ದು. ನೆಲ ಹದಮಾಡಿ, ನೆಟ್ಟು ಬೆಳೆಸಿದ ಮರದ ಆದಾಯ ಕೃಷಿ ಆದಾಯ. ತಾನಾಗಿ ಬೆಳೆದ ಕಾಡುಮರದ್ದು ಅಲ್ಲ. ಹಾಗಾಗಿ ಸಸಿ ಕೊಂಡ ರಸೀತಿ, ಗುಂಡಿ ತೆಗೆಸಿದ ಕೂಲಿ ಲೆಕ್ಕ, ಮರಗಸಿಯ ಖರ್ಚು ಇವನ್ನು ಎಸೆಯಬೇಡಿ. ಅಪ್ಪನ 1986ರ ದಿನಚರಿಯಲ್ಲಿ ಸಸಿಯ ಲೆಕ್ಕವಿದ್ದ ಪುಟವನ್ನು ನನ್ನ ಆಡಿಟರ್ ಜೆರಾಕ್ಸ್ ಮಾಡಿ ಫೈಲಿಗೆ ಸೇರಿಸಿದ್ದಾರೆ.

2022ರ ಆ ಮಾರಾಟದಲ್ಲಿ ಮೂವರಲ್ಲಿ ಮೊದಲಿನವರು ಹೇಳಿದ್ದ ಲಮ್ಸಮ್ಮಿಗಿಂತ 61 ಸಾವಿರ ಹೆಚ್ಚು ಬಂತು. ಆಗ ಮನೆಯಲ್ಲಿ ಯಾವ ತುರ್ತೂ ಇರಲಿಲ್ಲ, ದರ ಕುದುರದಿದ್ದರೆ ಇನ್ನೊಂದು ವರ್ಷ ಬಿಡಬಹುದಿತ್ತು, ಅದು ಎದುರಿನವರಿಗೂ ಗೊತ್ತಿತ್ತು. ನಿಮ್ಮ ತೋಟದಲ್ಲೂ ಹತ್ತು ಸಿಲ್ವರ್ ಇದ್ದರೆ ಈ ಕೊಯ್ಲು ಮುಗಿದ ವಾರವೇ, ದುಡ್ಡಿನ ಅಗತ್ಯ ಬಾಗಿಲಿಗೆ ಬರುವ ಮೊದಲು, ಟೇಪು ಹಿಡಿದು ಗುಡ್ಡ ಹತ್ತಿ. ಜೊತೆಗೆ ಮಕ್ಕಳನ್ನೂ ಕರೆದೊಯ್ಯಿರಿ, ನಂಬರು ಬರೆಯುವ ಕೆಲಸ ಅವರಿಗೆ ಕೊಡಿ.