ಲ್ಯಾಪ್‌ಟಾಪ್: ಹಗುರವಾದದ್ದೋ, ಬಲವಾದದ್ದೋ?

(ವಿದ್ಯಾರ್ಥಿಗಳಿಗೂ ಪೋಷಕರಿಗೂ ಒಂದು ಮಾರ್ಗದರ್ಶಿ)

ಪಿಯುಸಿ ಫಲಿತಾಂಶ ಬಂದು, ಸಿಇಟಿ ಸೀಟು ಸಿಕ್ಕಿ, ಕಾಲೇಜಿನ ಶುಲ್ಕ ಕಟ್ಟಿದ ಮೇಲೆ ಮನೆಯಲ್ಲಿ ಏಳುವ ಮುಂದಿನ ಪ್ರಶ್ನೆ ಲ್ಯಾಪ್‌ಟಾಪಿನದು. ಹೆಚ್ಚಿನ ಕುಟುಂಬಗಳಿಗೆ ಇದು ಪದೇ ಪದೇ ಮಾಡುವ ಖರೀದಿಯಲ್ಲ. ಒಮ್ಮೆ ಕೊಂಡದ್ದು ಕೋರ್ಸ್ ಮುಗಿಯುವವರೆಗೆ, ಅಂದರೆ ಮೂರು, ನಾಲ್ಕು ಅಥವಾ ಐದು ವರ್ಷ ಬಾಳಬೇಕು. ಆರಿಸಿದ್ದು ತಪ್ಪಾದರೆ ಮತ್ತೊಂದು ಕೊಳ್ಳುವ ಅನುಕೂಲ ಎಲ್ಲರಿಗೂ ಇರುವುದಿಲ್ಲ.

ತಪ್ಪು ಎರಡು ರೀತಿಯಲ್ಲಿ ಆಗುತ್ತದೆ. ವಾಸ್ತುಶಿಲ್ಪ ಓದುವ ಹುಡುಗಿಗೆ ನೋಡಲು ಚಂದದ ತೆಳು ಲ್ಯಾಪ್‌ಟಾಪ್ ಕೊಡಿಸುತ್ತಾರೆ. ಮೂರನೇ ಸೆಮಿಸ್ಟರ್ ಬರುವಷ್ಟರಲ್ಲಿ ಅದರಲ್ಲಿ ಕೆಲಸ ಸಾಗುವುದಿಲ್ಲ. ಇನ್ನೊಂದು ಕಡೆ ಬಿ.ಕಾಂ. ಸೇರಿದ ಹುಡುಗನಿಗೆ ‘ಒಳ್ಳೆಯದೇ ಇರಲಿ’ ಎಂದು ದುಬಾರಿ ಗೇಮಿಂಗ್ ಲ್ಯಾಪ್‌ಟಾಪ್ ಕೊಡಿಸುತ್ತಾರೆ. ಆತ ಮೂರು ವರ್ಷ ಆ ಭಾರ ಹೊತ್ತು ಓಡಾಡಿ, ಅದರ ಶಕ್ತಿಯ ಕಾಲುಭಾಗವನ್ನೂ ಬಳಸುವುದಿಲ್ಲ. ಆದ್ದರಿಂದ ಅಂಗಡಿಗೆ ಹೋಗುವ ಮುನ್ನ ಕೇಳಬೇಕಾದ ಮೊದಲ ಪ್ರಶ್ನೆ ಒಂದೇ: ಈ ಕೋರ್ಸಿನಲ್ಲಿ ಬಳಸಬೇಕಾದ ಅತಿ ಭಾರದ ಸಾಫ್ಟ್‌ವೇರ್ ಯಾವುದು? ಉಳಿದ ಲೆಕ್ಕವೆಲ್ಲ ಅದರ ಉತ್ತರದ ಮೇಲೆ ನಿಲ್ಲುತ್ತದೆ.

ಎರಡು ಬಗೆಗಳ ವ್ಯತ್ಯಾಸ

ತೆಳು ಲ್ಯಾಪ್‌ಟಾಪ್‌ಗಳ ತೂಕ ಸಾಮಾನ್ಯವಾಗಿ 1.2ರಿಂದ 1.6 ಕಿಲೋ. ಚಾರ್ಜರ್ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಓದು, ಬರಹ, ಆನ್‌ಲೈನ್ ತರಗತಿಗೆ ಒಮ್ಮೆ ಚಾರ್ಜ್ ಮಾಡಿದರೆ ಆರೆಂಟು ಗಂಟೆ ನಡೆಯುತ್ತವೆ. ಬಲವಾದ ಲ್ಯಾಪ್‌ಟಾಪ್‌ಗಳು 2.2ರಿಂದ 2.6 ಕಿಲೋ ತೂಗುತ್ತವೆ. ಅವುಗಳ ಚಾರ್ಜರೇ ಅರ್ಧ ಕಿಲೋಗಿಂತ ಹೆಚ್ಚಿರುವುದುಂಟು. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್, ದೊಡ್ಡ ಫ್ಯಾನ್, ದಪ್ಪ ಒಡಲು ಇರುತ್ತವೆ. ಭಾರದ ಕೆಲಸಕ್ಕೆ ಕುಳಿತರೆ ಬ್ಯಾಟರಿ ಒಂದೆರಡು ಗಂಟೆಯಲ್ಲೇ ಮುಗಿಯುತ್ತದೆ. ಹೀಗಾಗಿ ಅವನ್ನು ಪ್ಲಗ್ಗಿನ ಪಕ್ಕದಲ್ಲೇ ಬಳಸಬೇಕಾಗುತ್ತದೆ.

ತೆಳುವಾದರೆ ಶಕ್ತಿ ಏಕೆ ಕಡಿಮೆ?

ಇದಕ್ಕೆ ಕಾರಣ ಬಿಸಿ. ಪ್ರೊಸೆಸರ್ ಕೆಲಸ ಮಾಡುವಾಗ ಅದು ತಿನ್ನುವ ವಿದ್ಯುತ್ತೆಲ್ಲ ಕೊನೆಗೆ ಬಿಸಿಯಾಗುತ್ತದೆ. ಆ ಬಿಸಿ ಹೊರಗೆ ಹೋಗಲು ಜಾಗ ಬೇಕು, ತಾಮ್ರದ ಕೊಳವೆ ಬೇಕು, ಫ್ಯಾನ್ ಬೇಕು. ತೆಳು ಒಡಲಿನಲ್ಲಿ ಇವಕ್ಕೆಲ್ಲ ಜಾಗ ಕಡಿಮೆ. ಬಿಸಿ ಮಿತಿ ಮೀರಿದಾಗ ಪ್ರೊಸೆಸರ್ ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತದೆ. ಊರ ರಸ್ತೆಯಲ್ಲಿ ಜೋರಾಗಿ ಓಡುವ ಸ್ಕೂಟರ್ ಇಬ್ಬರನ್ನು ಕೂರಿಸಿಕೊಂಡು ಚಾರ್ಮಾಡಿ ಘಾಟಿ ಹತ್ತುವಾಗ ಏದುಸಿರು ಬಿಡುವಂತೆ ಇದು.

ಇದಕ್ಕೆ ಸ್ಪಷ್ಟ ಉದಾಹರಣೆ 2020ರ ನವೆಂಬರ್‌ನಲ್ಲಿ ಆ್ಯಪಲ್ ಬಿಡುಗಡೆ ಮಾಡಿದ ಎರಡು ಲ್ಯಾಪ್‌ಟಾಪ್‌ಗಳು. ಮ್ಯಾಕ್‌ಬುಕ್ ಏರ್ ಮತ್ತು 13 ಇಂಚಿನ ಮ್ಯಾಕ್‌ಬುಕ್ ಪ್ರೊ, ಎರಡರಲ್ಲೂ ಇದ್ದದ್ದು ಎಂ1 ಎಂಬ ಒಂದೇ ಚಿಪ್. ಏರ್‌ಗೆ ಫ್ಯಾನ್ ಇರಲಿಲ್ಲ, ಪ್ರೊಗೆ ಇತ್ತು. ಸಣ್ಣಪುಟ್ಟ ಕೆಲಸದಲ್ಲಿ ಎರಡರ ವೇಗವೂ ಹೆಚ್ಚುಕಡಿಮೆ ಒಂದೇ. ದೀರ್ಘ ವಿಡಿಯೊವನ್ನು ಸಿದ್ಧಪಡಿಸುವಂಥ ಕೆಲಸ ಹಲವು ನಿಮಿಷ ನಡೆದಾಗ ಮಾತ್ರ ಏರ್ ನಿಧಾನವಾಗುತ್ತಿತ್ತು, ಪ್ರೊ ತನ್ನ ವೇಗ ಉಳಿಸಿಕೊಳ್ಳುತ್ತಿತ್ತು. ನಿಮ್ಮ ಕೆಲಸ ಕ್ಷಣಕಾಲದ್ದೋ ಅಥವಾ ಗಂಟೆಗಟ್ಟಲೆ ನಡೆಯುವಂಥದ್ದೋ ಎಂದು ನೋಡಬೇಕಾದದ್ದು ಈ ಕಾರಣಕ್ಕೆ.

ಹೆಸರಿಗೆ ಮರುಳಾಗಬೇಡಿ

‘ಐ7 ಇದೆ, ಐ5ಗಿಂತ ಒಳ್ಳೆಯದು’ ಎಂಬ ಮಾತು ಅಂಗಡಿಯಲ್ಲಿ ಕೇಳಿಬರುತ್ತದೆ. ಇದು ಯಾವಾಗಲೂ ನಿಜವಲ್ಲ. ಇಂಟೆಲ್ ಪ್ರೊಸೆಸರ್‌ಗಳಲ್ಲಿ ಸಂಖ್ಯೆಯ ಕೊನೆಗೆ ಬರುವ ಇಂಗ್ಲಿಷ್ ಅಕ್ಷರವನ್ನು ಓದಿ. ‘ಯು’ ಎಂದಿದ್ದರೆ ಕಡಿಮೆ ವಿದ್ಯುತ್ತಿನದು, ತೆಳು ಲ್ಯಾಪ್‌ಟಾಪ್‌ಗೆ ಮಾಡಿದ್ದು. ‘ಎಚ್’ ಎಂದಿದ್ದರೆ ಹೆಚ್ಚು ಶಕ್ತಿಯದು.

ಐ7-1355ಯು ಮತ್ತು ಐ5-12450ಎಚ್ ಎಂಬ ಎರಡನ್ನು ಹೋಲಿಸಿ ನೋಡಿ. ಮೊದಲನೆಯದರ ಮೂಲ ವಿದ್ಯುತ್ ಮಿತಿ 15 ವ್ಯಾಟ್, ಅದರಲ್ಲಿ ವೇಗದ ಕೋರ್‌ಗಳು 2. ಎರಡನೆಯದರ ಮಿತಿ 45 ವ್ಯಾಟ್, ವೇಗದ ಕೋರ್‌ಗಳು 4. ಪುಟ ತೆರೆಯುವುದು, ಕಡತ ತೆರೆಯುವುದು ಮುಂತಾದ ಕ್ಷಣದ ಕೆಲಸದಲ್ಲಿ ಐ7 ಚುರುಕಾಗಿರುತ್ತದೆ. ಅರ್ಧ ಗಂಟೆ ಎಡೆಬಿಡದೆ ನಡೆಯುವ ರೆಂಡರಿಂಗ್‌ನಲ್ಲಿ ಸಾಮಾನ್ಯವಾಗಿ ಐ5 ಮುಂದಿರುತ್ತದೆ. ಎಎಂಡಿ ಕಂಪನಿಯ ರೈಜನ್ ಪ್ರೊಸೆಸರ್‌ಗಳಲ್ಲೂ ಬಹುತೇಕ ಮಾದರಿಗಳಿಗೆ ಇದೇ ರೀತಿಯ ಅಕ್ಷರಗಳಿವೆ.

ಗ್ರಾಫಿಕ್ಸ್ ಕಾರ್ಡಿಗೂ ಇದೇ ಮಾತು. ಎನ್‌ವಿಡಿಯಾದ ಆರ್‌ಟಿಎಕ್ಸ್ 4060 ಲ್ಯಾಪ್‌ಟಾಪ್ ಕಾರ್ಡನ್ನು 35ರಿಂದ 115 ವ್ಯಾಟ್‌ವರೆಗೆ ಬೇರೆ ಬೇರೆ ಮಿತಿಗಳಲ್ಲಿ ಅಳವಡಿಸಬಹುದು. ಡಬ್ಬದ ಮೇಲೆ ಹೆಸರು ಒಂದೇ ಆದರೂ ತೆಳು ಒಡಲಿನಲ್ಲಿರುವ ಕಾರ್ಡು ದಪ್ಪ ಒಡಲಿನ ಕಾರ್ಡಿನಷ್ಟು ಕೆಲಸ ಮಾಡುವುದಿಲ್ಲ. ಕಂಪನಿಯ ವಿವರಪಟ್ಟಿಯಲ್ಲಿ ವ್ಯಾಟ್ ಎಷ್ಟು ಎಂದು ಕೇಳಿ ತಿಳಿದುಕೊಳ್ಳಿ.

ಯಾವ ಕೋರ್ಸಿಗೆ ಯಾವುದು?

ಬಿ.ಎ., ಬಿ.ಕಾಂ., ಬಿಬಿಎ, ಕಾನೂನು, ಬಿ.ಎಡ್.: ತೆಳು ಲ್ಯಾಪ್‌ಟಾಪ್ ಧಾರಾಳವಾಗಿ ಸಾಕು. ವರ್ಡ್, ಎಕ್ಸೆಲ್, ಟ್ಯಾಲಿ ಯಾವುದಕ್ಕೂ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಬೇಡ. ಟ್ಯಾಲಿ ಕಲಿಯುವವರು ವಿಂಡೋಸ್ ಲ್ಯಾಪ್‌ಟಾಪನ್ನೇ ಕೊಳ್ಳಿ.

ಎಂಬಿಬಿಎಸ್, ನರ್ಸಿಂಗ್, ಫಾರ್ಮಸಿ: ಪಿಡಿಎಫ್ ಓದಲು, ಪಾಠದ ವಿಡಿಯೊ ನೋಡಲು ಹಗುರವಾದದ್ದೇ ಅನುಕೂಲ. ಇಲ್ಲಿ ಶಕ್ತಿಗಿಂತ ಬ್ಯಾಟರಿಗೂ ಕಣ್ಣಿಗೆ ಹಿತವಾದ ಪರದೆಗೂ ಹಣ ಕೊಡುವುದು ಲೇಸು.

ಬಿಸಿಎ, ಕಂಪ್ಯೂಟರ್ ಸೈನ್ಸ್: ಹೆಚ್ಚು ಜನ ಎಡವುವುದು ಇಲ್ಲಿಯೇ. ‘ಕಂಪ್ಯೂಟರ್ ಓದುತ್ತಿದ್ದಾನೆ, ಆದ್ದರಿಂದ ದೊಡ್ಡದೇ ಬೇಕು’ ಎಂದುಕೊಳ್ಳುತ್ತಾರೆ. ಸಿ, ಜಾವಾ, ಪೈಥಾನ್, ಡೇಟಾಬೇಸ್, ವೆಬ್ ಕಲಿಯಲು 16 ಜಿಬಿ ರ‍್ಯಾಮ್ ಇರುವ ತೆಳು ಲ್ಯಾಪ್‌ಟಾಪ್ ಸಾಕು. ಕೃತಕ ಬುದ್ಧಿಮತ್ತೆಯ ಪ್ರಾಜೆಕ್ಟ್‌ಗಳಿಗೆ ಗ್ರಾಫಿಕ್ಸ್ ಕಾರ್ಡ್ ಸಹಾಯ ಮಾಡುವುದು ನಿಜ. ಆದರೆ ಗೂಗಲ್ ಕೊಲ್ಯಾಬ್‌ನಂಥ ಸೇವೆಯಲ್ಲಿ ಬ್ರೌಸರ್ ಮೂಲಕವೇ ಮಿತಿಯೊಳಗೆ ಉಚಿತವಾಗಿ ಅಂಥ ಕಾರ್ಡನ್ನು ಬಳಸಬಹುದು. ಪದವಿ ಮಟ್ಟದ ಕಲಿಕೆಯ ಬಹುಭಾಗ ಅದರಲ್ಲೇ ನಡೆಯುತ್ತದೆ.

ಸಿವಿಲ್, ಮೆಕ್ಯಾನಿಕಲ್: ಎರಡು ಆಯಾಮದ ಆಟೊಕ್ಯಾಡ್ ನಕ್ಷೆಗೆ 16 ಜಿಬಿ ರ‍್ಯಾಮಿನ ಸಾಧಾರಣ ಲ್ಯಾಪ್‌ಟಾಪ್ ನಡೆಯುತ್ತದೆ. ಸಾಲಿಡ್‌ವರ್ಕ್ಸ್‌ನಲ್ಲಿ ದೊಡ್ಡ ಜೋಡಣೆಗಳು, ಆನ್ಸಿಸ್‌ನಂಥ ವಿಶ್ಲೇಷಣೆಯ ಸಾಫ್ಟ್‌ವೇರ್ ಬಂದರೆ ‘ಎಚ್’ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಬೇಕಾಗುತ್ತದೆ. ಕಾಲೇಜಿನ ಪ್ರಯೋಗಾಲಯದಲ್ಲಿ ಆ ಸೌಲಭ್ಯವಿದೆಯೇ, ಸಂಜೆ ತೆರೆದಿರುತ್ತದೆಯೇ ಎಂದು ವಿಚಾರಿಸಿ. ಇದ್ದರೆ ಮನೆಗೆ ಕಡಿಮೆ ಬೆಲೆಯದು ಸಾಕಾಗಬಹುದು.

ಬಿ.ಆರ್ಕ್., ಇಂಟೀರಿಯರ್ ಡಿಸೈನ್, ಆ್ಯನಿಮೇಷನ್, ವಿಡಿಯೊ ಎಡಿಟಿಂಗ್: ಬಲವಾದ ಲ್ಯಾಪ್‌ಟಾಪ್ ಬೇಕಾದದ್ದು ಇವರಿಗೆ. ರೆವಿಟ್, ತ್ರೀಡಿಎಸ್ ಮ್ಯಾಕ್ಸ್, ರೆಂಡರಿಂಗ್ ಎಲ್ಲವೂ ಗಂಟೆಗಟ್ಟಲೆ ನಡೆಯುವ ಕೆಲಸ. 16 ಜಿಬಿ ರ‍್ಯಾಮ್ ಕನಿಷ್ಠ, 32 ಜಿಬಿಗೆ ಏರಿಸುವ ಅವಕಾಶ ಇರಲಿ. ರೆವಿಟ್, ತ್ರೀಡಿಎಸ್ ಮ್ಯಾಕ್ಸ್, ಸಾಲಿಡ್‌ವರ್ಕ್ಸ್ ಮೂರೂ ವಿಂಡೋಸ್‌ಗಾಗಿ ಮಾಡಿದವು. ಹಾಗಾಗಿ ಈ ಕೋರ್ಸುಗಳಿಗೆ ಮ್ಯಾಕ್‌ಬುಕ್ ಕೊಂಡು ಪರದಾಡಬೇಡಿ. ಇವರು ಪರದೆಯ ಬಣ್ಣವನ್ನೂ ನೋಡಬೇಕು. ವಿವರಪಟ್ಟಿಯಲ್ಲಿ ‘ಶೇ. 45 ಎನ್‌ಟಿಎಸ್‌ಸಿ’ ಎಂದಿದ್ದರೆ ಬಣ್ಣಗಳು ಮಂಕಾಗಿ ಕಾಣುತ್ತವೆ. ‘ಶೇ. 100 ಎಸ್‌ಆರ್‌ಜಿಬಿ’ ಎಂದಿರುವುದು ಒಳ್ಳೆಯದು.

ಸಾಫ್ಟ್‌ವೇರಿಗೆಂದು ಹಣ ತೆಗೆದಿಡುವ ಮುನ್ನ ಇದನ್ನು ತಿಳಿಯಿರಿ: ಆಟೊಕ್ಯಾಡ್, ರೆವಿಟ್ ತಯಾರಿಸುವ ಆಟೊಡೆಸ್ಕ್ ಕಂಪನಿ ಅರ್ಹ ವಿದ್ಯಾರ್ಥಿಗಳಿಗೆ ಅವನ್ನು ಉಚಿತವಾಗಿ ಕೊಡುತ್ತದೆ. ಲಿಬ್ರೆಆಫೀಸ್ ಮತ್ತು ಬ್ಲೆಂಡರ್ ಎಲ್ಲರಿಗೂ ಉಚಿತ.

ಇನ್ನೊಂದು ಎಚ್ಚರಿಕೆ. 2024ರಿಂದ ಸ್ನ್ಯಾಪ್‌ಡ್ರ್ಯಾಗನ್ ಎಕ್ಸ್ ಚಿಪ್ ಇರುವ ತೆಳು ವಿಂಡೋಸ್ ಲ್ಯಾಪ್‌ಟಾಪ್‌ಗಳು ಮಾರುಕಟ್ಟೆಯಲ್ಲಿವೆ. ಅವುಗಳ ಬ್ಯಾಟರಿ ಚೆನ್ನಾಗಿದೆ. ಆದರೆ ಎಂಜಿನಿಯರಿಂಗ್‌ನ ಕೆಲವು ಸಾಫ್ಟ್‌ವೇರ್‌ಗಳು ಮತ್ತು ಹಳೆಯ ಪ್ರಿಂಟರ್‌ಗಳು ಅವುಗಳಲ್ಲಿ ನಡೆಯದಿರಬಹುದು. ಕೋರ್ಸಿನ ಸಾಫ್ಟ್‌ವೇರ್ ಪಟ್ಟಿ ನೋಡದೆ ಕೊಳ್ಳಬೇಡಿ.

ನಂತರ ಬದಲಿಸಬಹುದಾದದ್ದು, ಬದಲಿಸಲಾಗದ್ದು

ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಇವನ್ನು ಲ್ಯಾಪ್‌ಟಾಪಿನಲ್ಲಿ ನಂತರ ಬದಲಿಸಲು ಆಗುವುದಿಲ್ಲ ಎಂದೇ ತಿಳಿಯಿರಿ. ಎಸ್‌ಎಸ್‌ಡಿಯನ್ನು ಬಹುತೇಕ ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಬದಲಿಸಬಹುದು. ರ‍್ಯಾಮ್ ವಿಷಯದಲ್ಲಿ ಜಾಗ್ರತೆ ಬೇಕು. ತೆಳು ಲ್ಯಾಪ್‌ಟಾಪ್‌ಗಳಲ್ಲಿ ಅನೇಕ ಸಲ ಅದನ್ನು ಬೋರ್ಡಿಗೆ ಬೆಸೆದಿರುತ್ತಾರೆ. 8 ಜಿಬಿ ಎಂದು ಕೊಂಡರೆ ಕೊನೆಯವರೆಗೂ 8 ಜಿಬಿಯೇ. ದಪ್ಪ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಎರಡು ಸ್ಲಾಟ್ ಇರುತ್ತವೆ. ಹಾಗಾಗಿ ತೆಳುವಾದದ್ದನ್ನು ಕೊಳ್ಳುವವರು ಮೊದಲೇ 16 ಜಿಬಿ ಕೊಳ್ಳಿ. ಬಲವಾದದ್ದನ್ನು ಕೊಳ್ಳುವವರು ಈಗ 16 ಜಿಬಿ ಕೊಂಡು, ಕೈಯಲ್ಲಿ ಹಣ ಬಂದಾಗ ಹೆಚ್ಚಿಸಿಕೊಳ್ಳಬಹುದು.

ಬಲಕ್ಕೆ ತೆರಬೇಕಾದ ಬೆಲೆ

ಬಲವಾದ ಲ್ಯಾಪ್‌ಟಾಪಿನ ಬೆಲೆ ಬಿಲ್ಲಿನಲ್ಲಿ ಮುಗಿಯುವುದಿಲ್ಲ. ದಿನವೂ ಬಸ್ಸಿನಲ್ಲಿ ನಿಂತು ಹೋಗಿ ಬರುವ ವಿದ್ಯಾರ್ಥಿಗೆ ಚಾರ್ಜರ್ ಸೇರಿ ಮೂರು ಕಿಲೋ ಹೊರೆ ಸಣ್ಣದಲ್ಲ. ಅದರ ಜತೆ ಪುಸ್ತಕ, ಊಟದ ಡಬ್ಬಿ, ನೀರಿನ ಬಾಟಲಿ ಬೇರೆ. ತರಗತಿಯಲ್ಲಿ ಎಲ್ಲ ಬೆಂಚಿಗೂ ಪ್ಲಗ್ ಇರುವುದಿಲ್ಲ. ಪದೇ ಪದೇ ಕರೆಂಟ್ ಹೋಗುವ ಊರಿನಲ್ಲಿ ಎರಡು ಗಂಟೆಯ ಬ್ಯಾಟರಿ ಪರೀಕ್ಷೆಯ ಹಿಂದಿನ ರಾತ್ರಿ ಕೈಕೊಡಬಹುದು. ಹಾಸ್ಟೆಲಿನಲ್ಲೋ ಮನೆಯಲ್ಲೋ ಒಂದೇ ಕಡೆ ಕುಳಿತು ಕೆಲಸ ಮಾಡುವವರಿಗೆ ಈ ತೊಂದರೆಗಳು ಕಡಿಮೆ.

ಹಳೆಯದನ್ನು ಕೊಳ್ಳುವುದಾದರೆ

ಹಣ ಕಡಿಮೆ ಇರುವವರಿಗೆ ಕಚೇರಿಗಳು ಬಳಸಿ ಬಿಟ್ಟ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೈಟ್‌ಬುಕ್ ಸರಣಿಯ ಲ್ಯಾಪ್‌ಟಾಪ್‌ಗಳು ಒಳ್ಳೆಯ ದಾರಿ. ಅವು ಗಟ್ಟಿಯಾಗಿರುತ್ತವೆ, ಬಿಡಿಭಾಗಗಳೂ ಸಿಗುತ್ತವೆ. ಒಂದು ವಿಷಯ ಮಾತ್ರ ಖಚಿತಪಡಿಸಿಕೊಳ್ಳಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಾದರೆ ಸಾಮಾನ್ಯವಾಗಿ 8ನೇ ತಲೆಮಾರಿನ ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಬೇಕು. ಅದಕ್ಕಿಂತ ಹಳೆಯದು ಎಷ್ಟೇ ಅಗ್ಗವಾದರೂ ಬೇಡ. ಬ್ಯಾಟರಿ, ಕೀಲಿಮಣೆ, ಪರದೆಯ ಹಿಂಜ್ ಇವನ್ನು ಅಂಗಡಿಯಲ್ಲೇ ಪರೀಕ್ಷಿಸಿ, ಬಿಲ್ ಪಡೆಯಿರಿ.

ಗಲ್ಫ್‌ನಲ್ಲಿರುವ ಅಣ್ಣನೋ ಮಾಮನೋ ರಜೆಗೆ ಬರುವಾಗ ತರುವುದಾದರೆ, 18 ವರ್ಷ ತುಂಬಿದ ಪ್ರಯಾಣಿಕರು ಒಂದು ಲ್ಯಾಪ್‌ಟಾಪನ್ನು ಕಸ್ಟಮ್ಸ್ ಸುಂಕವಿಲ್ಲದೆ ತರಬಹುದು. ಆ ಮಾದರಿಯ ವಾರಂಟಿ ಭಾರತದಲ್ಲಿ ನಡೆಯುತ್ತದೆಯೇ ಎಂದು ಕೊಳ್ಳುವ ಮುನ್ನವೇ ಕೇಳಲು ಹೇಳಿ. ಇಲ್ಲವಾದರೆ ಉಳಿಸಿದ ಹಣ ಒಂದೇ ರಿಪೇರಿಗೆ ಹೋಗಬಹುದು. ಅಲ್ಲಿನ ಪ್ಲಗ್ ನಮ್ಮ ಸಾಕೆಟ್ಟಿಗೆ ಕೂರುವುದಿಲ್ಲ, ವಯರ್ ಬದಲಿಸಬೇಕಾಗುತ್ತದೆ.

‘ಬಡ್ಡಿಯಿಲ್ಲದ ಕಂತು’ ಎಂದರೇನು?

ಬಡ್ಡಿಯಿಂದ ದೂರವಿರಲು ಬಯಸುವ ಕುಟುಂಬಗಳು ‘ನೋ ಕಾಸ್ಟ್ ಇಎಂಐ’ ಎಂಬ ಫಲಕ ನೋಡಿ ನಿರಾಳವಾಗುತ್ತಾರೆ. ಅದರ ಒಳಗನ್ನು ತಿಳಿಯಬೇಕು. ಕ್ರೆಡಿಟ್ ಕಾರ್ಡಿನ ಇಂಥ ಯೋಜನೆಗಳಲ್ಲಿ ಸಾಮಾನ್ಯವಾಗಿ ಬ್ಯಾಂಕು ಬಡ್ಡಿ ಹಾಕಿಯೇ ಹಾಕುತ್ತದೆ. ಅಷ್ಟೇ ಮೊತ್ತವನ್ನು ಮಾರಾಟಗಾರ ಬೆಲೆಯಲ್ಲಿ ರಿಯಾಯಿತಿಯೆಂದು ಕಳೆಯುತ್ತಾನೆ. ಆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ ಮತ್ತು ಸಂಸ್ಕರಣಾ ಶುಲ್ಕ ನಿಮ್ಮ ಮೇಲೆಯೇ ಬೀಳಬಹುದು. ಶೂನ್ಯ ಬಡ್ಡಿ ಎಂಬುದು ವಾಸ್ತವದಲ್ಲಿ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ತಿಳಿಸಿತ್ತು. ಆದ್ದರಿಂದ ‘ಪೂರ್ತಿ ಹಣ ಒಮ್ಮೆಗೇ ಕೊಟ್ಟರೆ ಎಷ್ಟು?’ ಎಂದು ಕೇಳಿ, ಎರಡೂ ಲೆಕ್ಕವನ್ನು ಕಾಗದದಲ್ಲಿ ಬರೆಸಿಕೊಳ್ಳಿ. ಅಷ್ಟು ಹಣ ಈಗ ಇಲ್ಲದಿದ್ದರೆ ಮೊದಲ ವರ್ಷ ಕಾಲೇಜಿನ ಲ್ಯಾಬ್ ಬಳಸಿ, ಎರಡನೇ ವರ್ಷ ಕೊಳ್ಳುವುದೂ ಸರಿಯಾದ ನಿರ್ಧಾರವೇ. ಅಷ್ಟರಲ್ಲಿ ಕೋರ್ಸಿಗೆ ನಿಜವಾಗಿ ಏನು ಬೇಕೆಂಬುದೂ ತಿಳಿದಿರುತ್ತದೆ.

ಅಂಗಡಿಗೆ ಹೋಗುವ ಮುನ್ನ

ಈ ಆರು ಸಾಲುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ:

1. ಕೋರ್ಸಿನ ಕೊನೆಯ ವರ್ಷದವರೆಗೆ ಬೇಕಾಗುವ ಸಾಫ್ಟ್‌ವೇರ್‌ಗಳು (ಹಿರಿಯ ವಿದ್ಯಾರ್ಥಿಗಳನ್ನೂ ಉಪನ್ಯಾಸಕರನ್ನೂ ಕೇಳಿ).
2. ಅವುಗಳಲ್ಲಿ ಗಂಟೆಗಟ್ಟಲೆ ನಡೆಯುವ ಕೆಲಸ ಯಾವುದಾದರೂ ಇದೆಯೇ? ಇಲ್ಲವಾದರೆ ತೆಳುವಾದದ್ದೇ ಸಾಕು.
3. ದಿನಕ್ಕೆ ಎಷ್ಟು ದೂರ ಹೊರಬೇಕು, ಪ್ಲಗ್ ಸಿಗುತ್ತದೆಯೇ?
4. ಪ್ರೊಸೆಸರ್ ಸಂಖ್ಯೆಯ ಕೊನೆಯ ಅಕ್ಷರ, ಗ್ರಾಫಿಕ್ಸ್ ಕಾರ್ಡಿನ ವ್ಯಾಟ್.
5. ರ‍್ಯಾಮ್ ಬೆಸೆದದ್ದೋ, ಸ್ಲಾಟ್ ಇದೆಯೋ?
6. ವಾರಂಟಿ ಎಷ್ಟು ವರ್ಷ, ಸರ್ವಿಸ್ ಕೇಂದ್ರ ಎಷ್ಟು ದೂರ?

ಉತ್ತರಗಳು ಸಿಕ್ಕ ಮೇಲೂ ಎರಡು ಲ್ಯಾಪ್‌ಟಾಪ್‌ಗಳ ನಡುವೆ ಮನಸ್ಸು ಹೊಯ್ದಾಡಿದರೆ, ಕೆಲಸಕ್ಕೆ ಸಾಕಾಗುವ ಎರಡರಲ್ಲಿ ಕಡಿಮೆ ಬೆಲೆಯದನ್ನು ಆರಿಸಿ. ಉಳಿದ ಹಣ ಪುಸ್ತಕಕ್ಕೆ, ಪರೀಕ್ಷಾ ಶುಲ್ಕಕ್ಕೆ, ಹಾಸ್ಟೆಲಿನ ಒಂದೆರಡು ತಿಂಗಳಿಗೆ ಆಗುತ್ತದೆ. ವಿದ್ಯಾರ್ಥಿವೇತನದ ಹಣದಿಂದ ಲ್ಯಾಪ್‌ಟಾಪ್ ಕೊಳ್ಳುವವರು ಈ ಹಾಳೆಯನ್ನು ತುಂಬಿ, ತಂದೆತಾಯಿಯ ಜತೆ ಕುಳಿತು ಓದಿ, ಆಮೇಲೆ ಅಂಗಡಿಗೆ ಹೊರಡಿ.