ಒಪ್ಪಿಗೆಯ ಎಲ್ಲೆ: ಗ್ರಾಹಕರ ದತ್ತಾಂಶ ಮತ್ತು ಯಂತ್ರದ ತೀರ್ಮಾನ

ಒಂದು ಕೆಲಸಕ್ಕೆಂದು ಗ್ರಾಹಕರಿಂದ ಪಡೆದ ಮಾಹಿತಿಯನ್ನು ಕೃತಕ ಬುದ್ಧಿಮತ್ತೆಯ ವ್ಯವಸ್ಥೆಗೆ ತರಬೇತಿ ನೀಡಲು ಬಳಸಬಹುದೇ ಎಂಬ ಪ್ರಶ್ನೆಯು ವ್ಯಾಪಾರ ಸಂಸ್ಥೆಗಳ ಲಾಭನಷ್ಟದ ಲೆಕ್ಕಕ್ಕಷ್ಟೇ ಸೇರಿದ್ದಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ಮಾಹಿತಿಯು ಯಾರಿಗೆ ಸಂಬಂಧಿಸಿದೆಯೋ ಆ ವ್ಯಕ್ತಿಯನ್ನು ‘ಡೇಟಾ ಪ್ರಿನ್ಸಿಪಲ್’ ಎಂದೂ, ಅದರ ಬಳಕೆಯ ಉದ್ದೇಶ ಮತ್ತು ವಿಧಾನವನ್ನು ನಿರ್ಧರಿಸುವ ಸಂಸ್ಥೆಯನ್ನು ‘ಡೇಟಾ ಫಿಡ್ಯೂಷಿಯರಿ’ ಎಂದೂ ಕರೆಯುತ್ತದೆ. ಫಿಡ್ಯೂಷಿಯರಿ ಎಂದರೆ ನಂಬಿ ಒಪ್ಪಿಸಿದ್ದನ್ನು ಒಪ್ಪಿಸಿದವರ ಹಿತಕ್ಕಾಗಿ ಕಾಯಬೇಕಾದವರು. ಸಂಸ್ಥೆಯು ದತ್ತಾಂಶದ ಒಡೆಯನಲ್ಲ, ಪಾಲಕ ಎಂಬ ನೈತಿಕ ನಿಲುವು ಈ ಪದದಲ್ಲೇ ಅಡಗಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಸಲ್ಲಿಸಿದ ರಿಟ್ ಅರ್ಜಿಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದ ತೀರ್ಪೇ ಈ ನಿಲುವಿನ ಬುನಾದಿ.

ಅಧಿನಿಯಮದ 6ನೇ ಸೆಕ್ಷನ್ ಪ್ರಕಾರ ಒಪ್ಪಿಗೆಯು ಮುಕ್ತವೂ ನಿರ್ದಿಷ್ಟವೂ ಷರತ್ತಿಲ್ಲದ್ದೂ ತಿಳಿದು ಕೊಟ್ಟದ್ದೂ ಆಗಿರಬೇಕಲ್ಲದೆ, ಹೇಳಿದ ಉದ್ದೇಶಕ್ಕೆ ಅಗತ್ಯವಾದ ಮಾಹಿತಿಗೆ ಮಾತ್ರ ಅದು ಅನ್ವಯಿಸುತ್ತದೆ. ದೂರವೈದ್ಯಕೀಯ ಆ್ಯಪ್ ಒಂದು ಬಳಕೆದಾರರ ಫೋನಿನ ಸಂಪರ್ಕಪಟ್ಟಿಯನ್ನೂ ಕೇಳಿ, ಅವರು ಅದಕ್ಕೂ ಸಮ್ಮತಿಸಿದರೂ, ಚಿಕಿತ್ಸೆಗೆ ಆ ಪಟ್ಟಿ ಬೇಕಿಲ್ಲವಾದ್ದರಿಂದ ಸಮ್ಮತಿ ಅಷ್ಟರ ಮಟ್ಟಿಗೆ ನಿಲ್ಲುವುದಿಲ್ಲವೆಂದು ಕಾನೂನೇ ಉದಾಹರಣೆ ಕೊಡುತ್ತದೆ. ‘ಗ್ರಾಹಕರು ಗುಂಡಿ ಒತ್ತಿದ್ದಾರೆ’ ಎಂಬ ಸಮರ್ಥನೆಯ ಟೊಳ್ಳುತನ ಇಲ್ಲಿ ಬಯಲಾಗುತ್ತದೆ. ಚಿಕಿತ್ಸೆಗೆಂದು ಹೇಳಿಕೊಂಡ ರೋಗದ ವಿವರವು ಯಂತ್ರದ ತರಬೇತಿಗೆ ಹೋಗುವುದಾದರೆ ಅದನ್ನು ಬೇರೆಯಾಗಿ ತಿಳಿಸಿ ಬೇರೆಯಾಗಿಯೇ ಕೇಳುವುದು ಪಾಲಕನ ಧರ್ಮ. ಒಪ್ಪಿಗೆ ಕೇಳುವಾಗ ಸಂಸ್ಥೆ ಕೊಡಬೇಕಾದ ನೋಟಿಸನ್ನು ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಆಯ್ಕೆ ಇರಬೇಕಾದ್ದರಿಂದ, ಅದನ್ನು ಕನ್ನಡದಲ್ಲಿ ಕೇಳಿ ಪಡೆಯುವುದು ಹಕ್ಕೇ ಹೊರತು ಉಪಕಾರವಲ್ಲ. ಕೊಟ್ಟಷ್ಟೇ ಸುಲಭವಾಗಿ ಒಪ್ಪಿಗೆಯನ್ನು ಹಿಂಪಡೆಯಲೂ ಬರಬೇಕು.

ಸಾಲದ ಅರ್ಜಿಯನ್ನು ಯಂತ್ರವೇ ತಿರಸ್ಕರಿಸಿದಾಗ ಕಾರಣ ತಿಳಿಯುವ ಹಕ್ಕನ್ನು ಈ ಅಧಿನಿಯಮ ನೇರವಾಗಿ ಕೊಟ್ಟಿಲ್ಲ, ಮತ್ತು ಇದು ಸಣ್ಣ ಕೊರತೆಯಲ್ಲ. ಆದರೆ ವ್ಯಕ್ತಿಯನ್ನು ಬಾಧಿಸುವ ನಿರ್ಧಾರಕ್ಕೆ ಬಳಸುವ ದತ್ತಾಂಶವು ಪೂರ್ಣವೂ ನಿಖರವೂ ಆಗಿರುವಂತೆ ನೋಡಿಕೊಳ್ಳುವ ಹೊಣೆಯನ್ನು 8ನೇ ಸೆಕ್ಷನ್ ಸಂಸ್ಥೆಯ ಮೇಲೆ ಹೊರಿಸುತ್ತದೆ. ತನ್ನ ಬಗ್ಗೆ ಯಾವ ಮಾಹಿತಿಯಿದೆ, ಅದು ಯಾರೊಂದಿಗೆ ಹಂಚಿಕೆಯಾಗಿದೆ ಎಂದು ಕೇಳಲು 11ನೆಯದೂ, ತಪ್ಪನ್ನು ತಿದ್ದಿಸಲು ಅಥವಾ ಅಳಿಸಲು 12ನೆಯದೂ ದಾರಿ ತೆರೆಯುತ್ತವೆ.

ದೂರನ್ನು ಮೊದಲು ಸಂಸ್ಥೆಗೇ ಸಲ್ಲಿಸಬೇಕು. ಅಲ್ಲಿ ಪರಿಹಾರ ಸಿಗದಿದ್ದರೆ ಮಾತ್ರ ಭಾರತೀಯ ದತ್ತಾಂಶ ಸಂರಕ್ಷಣಾ ಮಂಡಳಿಗೆ ಹೋಗಬಹುದು. ಭದ್ರತಾ ಲೋಪಕ್ಕೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಬಹುದಾದರೂ ಆ ಹಣ ಭಾರತದ ಸಂಚಿತ ನಿಧಿಗೆ ಸೇರುತ್ತದೆ, ನೊಂದವರಿಗಲ್ಲ. 2025ರ ನವೆಂಬರಿನಲ್ಲಿ ಪ್ರಕಟವಾದ ನಿಯಮಗಳೊಂದಿಗೆ ಮಂಡಳಿಗೆ ಸಂಬಂಧಿಸಿದ ಭಾಗ ಮೊದಲು ಜಾರಿಗೆ ಬಂದಿದ್ದು, ಮೇಲಿನ ಹಕ್ಕುಗಳು ಜಾರಿಗೆ ಬರಲು 18 ತಿಂಗಳ ಅವಧಿ ಗೊತ್ತುಮಾಡಲಾಗಿದೆ. ಅಲ್ಲಿಯವರೆಗೂ, ಗ್ರಾಹಕರು ವಿಶ್ವಾಸದಿಂದ ಕೊಟ್ಟ ವೈಯಕ್ತಿಕ ಮಾಹಿತಿಯನ್ನು ಕಾನೂನಿನ ಅನುಮತಿಯಿಲ್ಲದೆ ಹೊರಗೆಡಹುವುದನ್ನು ಅನುಚಿತ ವ್ಯಾಪಾರ ಪದ್ಧತಿಯೆಂದು ಪರಿಗಣಿಸುವ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದಡಿ ಜಿಲ್ಲಾ ಗ್ರಾಹಕ ಆಯೋಗದ ಬಾಗಿಲು ತೆರೆದಿದ್ದು, ಪರಿಹಾರಧನವನ್ನು ಕೇಳಲೂ ಅಲ್ಲಿ ಅವಕಾಶವಿದೆ.